ಯಾರದೂ ಆಕ್ಷೇಪಣೆ ಇಲ್ಲ

ಲಿಫ್ಟಿನಲ್ಲಿ ಎರಡನೇ ಮಹಡಿಯ ಹನಾನ್ ಸಿಗದಿದ್ದರೆ ಸಾಕು ಎಂದು ತಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೇನೆಂಬುದು ಅನ್ವಿತಾಳಿಗೆ ಹೊಳೆದದ್ದು ಹಲ್ಲುಜ್ಜುವಾಗ. ಬಾಯಿ ತುಂಬ ನೊರೆ ಇದ್ದುದರಿಂದ ಅದನ್ನು ಯಾರಿಗೂ ಹೇಳಬೇಕಾಗಿಲ್ಲ ಎಂಬ ಸಮಾಧಾನವೂ ಅದರ ಹಿಂದೆಯೇ ಬಂದು ನಾಚಿಕೆಯಾಯಿತು. ಡೈರಿಯಲ್ಲಿ ಬರೆಯಲೂ ಆಗದಷ್ಟು ಸಣ್ಣ ಸಂಗತಿ. ಕಳೆದ ಶುಕ್ರವಾರದಿಂದ ಅವಳು ಐದು ಮಹಡಿಯನ್ನೂ ಮೆಟ್ಟಿಲಿಳಿದೇ ಹೋಗುತ್ತಿದ್ದಳು. ಯಾಕೆಂದು ಅಪ್ಪ ಕೇಳಿರಲಿಲ್ಲ. “ಒಳ್ಳೇದು ಪುಟ್ಟಿ, ಇಡೀ ದಿನ ಕೂತೇ ಇರ್ತೀಯ, ಸ್ವಲ್ಪ ವ್ಯಾಯಾಮ ಆಗುತ್ತೆ” ಎಂದು ತಾವೇ ಕಾರಣ ಹುಡುಕಿ ತಾವೇ ಒಪ್ಪಿಕೊಂಡಿದ್ದರು. ತಾನು ಸುಮ್ಮನಿದ್ದಾಗ ಜನ ತಮಗೆ ಬೇಕಾದ್ದನ್ನು ಅಲ್ಲಿ ತುಂಬಿಕೊಳ್ಳುತ್ತಾರೆ. ಚಿಕ್ಕಂದಿನಿಂದ ಅದು ಅವಳಿಗೆ ಅನುಕೂಲವೇ ಆಗಿತ್ತು. ಸ್ಕೂಲಿನಲ್ಲಿ ಜಾಣೆ ಅಂದರು. ನೆಂಟರು ಸಂಸ್ಕಾರವಂತೆ ಅಂದರು. ಮೈಸೂರಿನಿಂದ ಬಂದಿದ್ದ ಸೋದರತ್ತೆಯೊಬ್ಬರು ಮಾತ್ರ, “ಈ ಕುವೈತಿನ ಮಕ್ಕಳಿಗೆ ಕನ್ನಡ ಬರಲ್ಲ, ಅದಕ್ಕೇ ಬಾಯಿ ಬಿಡಲ್ಲ” ಅಂದಿದ್ದರು. ಅದಕ್ಕೂ ಅವಳು ನಕ್ಕು ಸುಮ್ಮನಾಗಿದ್ದಳು. ಅವಳ ಕಪಾಟಿನಲ್ಲಿ ಕನ್ನಡದಲ್ಲಿ ಬರೆದ ಡೈರಿಗಳ ಸಾಲೇ ಇತ್ತು.

ಕಿಟಕಿಯ ಹೊರಗೆ ದೂಳು. ಬ್ನೇದ್ ಅಲ್ ಗಾರಿನ ಕಟ್ಟಡಗಳ ಸಂದಿಯಲ್ಲಿ ದಿನವೂ ಒಂದು ಪಟ್ಟಿಯಷ್ಟು ಕಾಣುವ ಸಮುದ್ರ ಇವತ್ತು ಇರಲಿಲ್ಲ. ಎದುರಿನ ಕಟ್ಟಡದ ಏಸಿಗಳು ಹಳದಿ ಬೆಳಕಿನಲ್ಲಿ ನೀರು ತೊಟ್ಟಿಕ್ಕಿಸುತ್ತಿದ್ದವು. ಅಪ್ಪ ಅಡುಗೆಮನೆಯಿಂದ, “ಮೊಸರು ಮುಗ್ದಿದೆ, ಕರಿಬೇವೂ ಇಲ್ಲ. ನಿನ್ ಮೀಟಿಂಗ್ ಎಷ್ಟೊತ್ತಿಗೆ?” ಅಂದರು. ಹತ್ತು ಎಂದು ಅವಳು ಎರಡು ಅಂಗೈ ಬಿಚ್ಚಿ ತೋರಿಸಿದಳು. ಅಮ್ಮ ಹೋದಮೇಲೆ ಶನಿವಾರದ ಹುಳಿ ಅಪ್ಪನದು. ಮೀನಾ ಅಬ್ದುಲ್ಲಾದ ರಿಫೈನರಿಯಲ್ಲಿ ವರ್ಷಗಟ್ಟಲೆ ಪೈಪುಗಳ ಒತ್ತಡ ಅಳೆದ ಎಂಜಿನಿಯರ್ ಶ್ಯಾಮಸುಂದರ್, ಈಗ ಹುಣಸೆಹಣ್ಣನ್ನು ನೀರಿಗೆ ಹಾಕಿ, ಅದು ನೆನೆಯುವುದನ್ನೇ ನೋಡುತ್ತ ನಿಂತಿರುತ್ತಿದ್ದರು.

ಹತ್ತಕ್ಕೆ ಮೀಟಿಂಗು. ಫಿಲಿಪೈನ್ಸಿನ ದಕ್ಷಿಣದ ದ್ವೀಪಗಳಲ್ಲಿ, ತಲೆಮಾರುಗಟ್ಟಲೆ ಹೊಡೆದಾಡಿದ ಮೇಲೆ, ಅಲ್ಲಿನ ಮುಸ್ಲಿಮರಿಗೆ ತಮ್ಮದೇ ಆದ ಒಂದು ಸರ್ಕಾರ ಸಿಕ್ಕಿತ್ತು. ಬಂದೂಕು ಕೆಳಗಿಟ್ಟವರಿಗೆ ಈಗ ನಿಯಮಗಳು ಬೇಕಾಗಿದ್ದವು: ಜನನ ಯಾರು ಬರೆದುಕೊಳ್ಳಬೇಕು, ಜಮೀನಿನ ತಕರಾರು ಯಾವ ಮೇಜಿಗೆ ಹೋಗಬೇಕು, ಗುಮಾಸ್ತನ ರಜೆಗೆ ಯಾರು ರುಜು ಹಾಕಬೇಕು. ಅವುಗಳಲ್ಲಿ ಒಂದು ಭಾಗದ ಕರಡನ್ನು ಸಿದ್ಧಪಡಿಸುವ ಕೆಲಸ ಕುವೈತ್ ಸಿಟಿಯ ಒಂದು ಸಣ್ಣ ಸಲಹಾ ಕಚೇರಿಗೆ ಬಂದಿತ್ತು. ಆಡಳಿತಶಾಸ್ತ್ರದ ಪದವಿ ಹಿಡಿದುಕೊಂಡು ಎರಡು ವರ್ಷ ಮನೆಯಲ್ಲಿ ಕೂತಿದ್ದ ಅನ್ವಿತಾಳಿಗೆ ಅಲ್ಲೊಂದು ಕುರ್ಚಿ ಸಿಕ್ಕಿತ್ತು. ತಾನು ಹುಟ್ಟಿದ್ದು ಇಲ್ಲಿ, ಓದಿದ್ದು ಇಲ್ಲಿ, ಆದರೆ ಅಪ್ಪನ ಕೆಲಸ ಮುಗಿದ ದಿನ ಇಲ್ಲಿರಲು ತನಗಿರುವ ಇಕಾಮಾ ಪರವಾನಗಿ ಏನಾಗುತ್ತದೋ ಗೊತ್ತಿಲ್ಲ. ಅಂಥ ತಾನು ಎಂದೂ ಕಾಣದ ಒಂದು ನಾಡಿನಲ್ಲಿ ಯಾರು ಆ ಊರಿನವರು, ಯಾರು ಅಲ್ಲ ಎಂದು ವಾಕ್ಯ ಕಟ್ಟುತ್ತಿದ್ದೇನೆ. ಇದನ್ನು ಡೈರಿಯಲ್ಲಿ ಬರೆದು, ಬಹಳ ಜಾಣತನದ ಮಾತಾಯಿತೆನ್ನಿಸಿ, ಹೊಡೆದುಹಾಕಿದ್ದಳು.

ಕಚೇರಿಯಲ್ಲಿ ಕರಡು ಬರೆಯುತ್ತ ಕಾಣೆಯಾದವರ ನಿಯಮಕ್ಕೆ ಬಂದಾಗ ಕೆಲಸ ಅಲ್ಲೇ ನಿಂತಿತ್ತು. ಯುದ್ಧದಲ್ಲಿ ಹೋದವರು, ದೋಣಿಯಲ್ಲಿ ಹೋದವರು, ಹೆಣ ಸಿಗದವರು. ಎಷ್ಟು ಕಾಲ ಅವರನ್ನು ಬದುಕಿರುವವರ ಪಟ್ಟಿಯಲ್ಲಿ ಇಟ್ಟುಕೊಳ್ಳುವುದು? “ಆ ಹೆಂಗಸರದ್ದು ನೋಡಿ ನೀವು,” ಎಂದು ಅಬ್ದುಲ್ ನಾಸಿರ್ ಸರ್ ಕನ್ನಡಕ ತೆಗೆದಿಟ್ಟಿದ್ದರು. ಕಚೇರಿ ನಡೆಸುವವರು ಅವರೇ, ಉಳ್ಳಾಲದವರು. “ಗಂಡ ಸತ್ತಿದ್ದಾನೋ ಇದ್ದಾನೋ ಗೊತ್ತಿಲ್ಲ. ಇನ್ನೊಂದು ಮದುವೆ ಆಗ್ಲಿಕ್ಕಿಲ್ಲ, ಪೆನ್ಶನ್ ಇಲ್ಲ, ಜಾಗ ಪಾಲಾಗುವುದಿಲ್ಲ. ಎಷ್ಟು ವರ್ಷ ಹಾಗೆ ಕಟ್ಟಿ ಹಾಕುದು? ಒಂದು ಪ್ರಕಟಣೆ ಹಾಕುವಾ. ಗಡುವು ಕೊಡುವಾ. ಮನೆಯವರು ಯಾರೂ ಬೇಡ ಅನ್ಲಿಲ್ಲ ಅಂತಾದ್ರೆ ಮೃತ ಅಂತ ಬರೆಯುವಾ. ನಮ್ಮಲ್ಲಿ ನಿಕಾಹಿಗೆ ಹುಡುಗಿ ಹತ್ರ ಕೇಳಿದಾಗ ನಾಚಿ ಸುಮ್ಮನಿದ್ರೆ ಒಪ್ಪಿಗೆ ಅಂತ ಲೆಕ್ಕ. ನಿಮ್ಮಲ್ಲೂ ಸಂಸ್ಕೃತದಲ್ಲಿ ಎಂತದೋ ಉಂಟಲ್ಲ ಅನ್ವಿತಾ?” ಅವಳ ಬಾಯಿಂದ ಅದು ತಾನಾಗಿ ಹೊರಬಿದ್ದಿತ್ತು: “ಮೌನಂ ಸಮ್ಮತಿ ಲಕ್ಷಣಂ, ಸರ್.” ಪಕ್ಕದ ಮೇಜಿನ ಕ್ಲೇಟನ್, ಮಂಗಳೂರಿನವನು, ಕಂಪ್ಯೂಟರಿನಿಂದ ಮುಖವೆತ್ತಿ, “ಅಯ್ಯೋ, ಇವರಿಗೆ ಮಾತು ಬರ್ತದಾ! ಮೊದ್ಲೇ ಹೇಳ್ಬಾರ್ದಾ ಮಾರ್ರೆ, ರೆಕಾರ್ಡ್ ಮಾಡ್ತಿದ್ದೆ” ಅಂದ. ಎಲ್ಲರೂ ನಕ್ಕರು. ನಾಸಿರ್ ಸರ್ ಮೇಜು ತಟ್ಟಿದರು. “ನೋಡಿ, ಎರಡು ಕಡೆಯಲ್ಲೂ ಒಂದೇ ಉಂಟು. ಇದನ್ನೇ ಇಂಗ್ಲಿಷಿನಲ್ಲಿ ಚಂದ ಮಾಡಿ ಬರೀರಿ.” ಬರೆದಳು. ‘ಗಡುವಿನೊಳಗೆ ಬಂಧುಗಳಿಂದ ಆಕ್ಷೇಪಣೆ ಬಾರದಿದ್ದಲ್ಲಿ, ಅವರು ಸಮ್ಮತಿಸಿದ್ದಾರೆಂದು ಭಾವಿಸತಕ್ಕದ್ದು.’ ಆ ಸಂಜೆ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಅವಳು ಒಬ್ಬಳೇ ನಕ್ಕದ್ದುಂಟು. ಕಚೇರಿ ಸೇರಿದಮೇಲೆ ಅವಳು ತಾನಾಗಿ ಆಡಿದ ಒಂದೇ ಒಂದು ಮಾತು ನಿಯಮವಾಗಿಬಿಟ್ಟಿತ್ತು.

ಮೊಸರು ತರಲು ದಿನಸಿ ಅಂಗಡಿ ಬಕಾಲಾದ ಚೀಲ ಹಿಡಿದು ಅವಳು ಬಾಗಿಲು ತೆಗೆದಳು. ಲಿಫ್ಟು ಇದೇ ಮಹಡಿಯಲ್ಲಿ ಬೆಳಕು ಉರಿಸಿಕೊಂಡು, ಬಾ ಎನ್ನುವಂತೆ ನಿಂತಿತ್ತು. ಅವಳು ಮೆಟ್ಟಿಲ ಕಡೆ ತಿರುಗಿದಳು. ಮೆಟ್ಟಿಲ ಮೇಲೂ ದೂಳಿನ ತೆಳು ಪದರ, ಅದರ ಮೇಲೆ ಬೆಕ್ಕಿನ ಹೆಜ್ಜೆ. ಹನಾನಳನ್ನು ಕಳೆದ ಶುಕ್ರವಾರ ಕಚೇರಿಯ ಸಭೆಗೆ ಕರೆದವಳು ತಾನೇ. ಹೊರದೇಶದಲ್ಲಿ ದುಡಿಯುವ ಆ ದ್ವೀಪದವರ ಅಭಿಪ್ರಾಯವನ್ನೂ ಕೇಳಬೇಕೆಂದು ಅಲ್ಲಿನ ಸರ್ಕಾರದ ಸಮಿತಿಯವರು ಬರೆದಿದ್ದರು. ಕ್ಲೇಟನ್ ಹೆಸರು ಹುಡುಕುತ್ತಿದ್ದಾಗ ಅನ್ವಿತಾಳಿಗೆ ಎರಡನೇ ಮಹಡಿಯ ಲೆಬನಾನಿ ಅಜ್ಜಿಯನ್ನು ನೋಡಿಕೊಳ್ಳುವ ಹನಾನ್ ನೆನಪಾಗಿದ್ದಳು. ಅದಕ್ಕೆ ಮೊದಲು ಹನಾನ್ ನೋಡಿಕೊಂಡದ್ದು ಅಮ್ಮನನ್ನು. ಕೊನೆಯ ಚಳಿಗಾಲವಿಡೀ. ಅಮ್ಮನಿಗೆ ಇಂಗ್ಲಿಷು ಬರುತ್ತಿತ್ತು, ಆದರೆ ನೋವು ಹೆಚ್ಚಾದಂತೆ ಒಂದೊಂದೇ ಭಾಷೆ ಕಳಚಿಕೊಂಡು ಕೊನೆಗೆ ಕನ್ನಡವೊಂದೇ ಉಳಿಯಿತು. ಬೆಳಿಗ್ಗೆ ಹನಾನ್ ಪರದೆ ಸರಿಸಿದ ಕೂಡಲೇ ಅಮ್ಮ ಕೇಳುತ್ತಿದ್ದರು: “ನಿನ್ ತಮ್ಮ ಬಂದ್ನೇನೇ?” ಸರೋವರದ ದಂಡೆಯ ಆಕೆಯ ಊರಿನಲ್ಲಿ ಯುದ್ಧ ನಡೆದ ವರ್ಷ ಹನಾನಳ ತಮ್ಮ ಜಲೀಲ್ ಕಾಣೆಯಾಗಿದ್ದ. ಅದನ್ನು ಆಕೆ ಅಮ್ಮನ ಕಾಲು ಒತ್ತುತ್ತ ಎಂದೋ ಹೇಳಿದ್ದಳು. ಅಮ್ಮ ಬೇರೆಲ್ಲ ಮರೆತರೂ ಅದನ್ನು ಮರೆತಿರಲಿಲ್ಲ. “ಇನ್ನೂ ಇಲ್ಲ, ಅಮ್ಮ” ಎನ್ನುವುದನ್ನು ಹನಾನ್ ಕಲಿತಳು. ಆಕೆಗೆ ಬರುವ ಕನ್ನಡ ಅಷ್ಟೇ. ಇನ್ನೂ ಇಲ್ಲ. ಔಷಧ ಆಯಿತೇ ಎಂದು ಅಪ್ಪ ಕೇಳಿದರೂ ಅದೇ, ಡಾಕ್ಟರು ಬಂದರೇ ಎಂದರೂ ಅದೇ. ಒಮ್ಮೆ ಅಮ್ಮ ಅದಕ್ಕೇ ನಕ್ಕು ನಕ್ಕು ಕೆಮ್ಮು ಹತ್ತಿತ್ತು.

ಸಭೆಗೆ ಹನಾನ್ ಹಸಿರು ಸ್ಕಾರ್ಫ್ ಹಾಕಿಕೊಂಡು ಬಂದಿದ್ದಳು. ಆಕೆಯ ವಾರದ ಏಕೈಕ ರಜೆಯ ದಿನ ಅದು. ತೆಂಗಿನಕಾಯಿ ಹಾಕಿದ ಅಕ್ಕಿಯ ತಿಂಡಿಯನ್ನು ಬಾಳೆಲೆಯಲ್ಲಿ ಸುತ್ತಿ ತಂದಿದ್ದಳು. ಅದು ಕೊನೆಯವರೆಗೂ ಮೇಜಿನ ಮೂಲೆಯಲ್ಲಿ ಹಾಗೇ ಇತ್ತು, ತಿನ್ನಿ ಎಂದು ಯಾರೂ ಹೇಳಲಿಲ್ಲವಾದ್ದರಿಂದ ಯಾರೂ ತಿನ್ನಲಿಲ್ಲ. ಸೇರಿದ್ದವರಲ್ಲಿ ಸಲೂನಿನ ಹುಡುಗಿಯರು, ಇಬ್ಬರು ನರ್ಸುಗಳು, ಒಬ್ಬ ಡ್ರೈವರ್. ನಾಸಿರ್ ಸರ್ ಒಂದೊಂದೇ ನಿಯಮ ಓದುತ್ತ, “ಎನಿ ಆಬ್ಜೆಕ್ಷನ್?” ಎಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು ನಿಂತು, “ಯಲ್ಲಾ, ನೆಕ್ಸ್ಟ್” ಎಂದು ಮುಂದಿನದಕ್ಕೆ ನಡೆಯುತ್ತಿದ್ದರು. ಅವರು ಅವಸರ ಮಾಡುತ್ತಿದ್ದರೆಂದಲ್ಲ. ಜುಮ್ಮಾ ನಮಾಜಿಗೆ ಮುಂಚೆ ಮುಗಿಸಿ, ಬಂದವರಿಗೆ ಊಟ ಹಾಕಿಸಿ ಕಳಿಸಬೇಕೆಂಬ ಕಾಳಜಿ ಅವರದು. ಕಾಣೆಯಾದವರ ನಿಯಮ ಓದಿದಾಗ ಅನ್ವಿತಾ ಹನಾನಳನ್ನೇ ನೋಡುತ್ತಿದ್ದಳು. ಆಕೆಯ ತುಟಿ ತೆರೆದವು. ನಾಲಿಗೆಯ ತುದಿ ಹಲ್ಲಿಗೆ ತಾಗಿದ್ದು ಕಂಡಿತು. ಆಮೇಲೆ, “ಯಲ್ಲಾ, ನೆಕ್ಸ್ಟ್.” ತುಟಿ ಮುಚ್ಚಿಕೊಂಡವು. ಸಭೆಯ ವರದಿ ಬರೆಯುವುದು ಅನ್ವಿತಾಳ ಕೆಲಸ. ಪ್ರತಿ ನಿಯಮದ ಮುಂದೆ ಬರೆಯುತ್ತ ಬಂದಿದ್ದನ್ನೇ ಅದರ ಮುಂದೆಯೂ ಬರೆದಳು: ಎಲ್ಲರೂ ಒಪ್ಪಿದರು. ರಾತ್ರಿ ಡೈರಿಯಲ್ಲಿ ಮಾತ್ರ, ಹನಾನ್ ಹಸಿರು ಸ್ಕಾರ್ಫ್ ಹಾಕಿಕೊಂಡಿದ್ದಳು ಎಂಬ ಒಂದು ಸಾಲು ಬರೆದು, ಮುಂದೆ ಏನೂ ತೋಚದೆ ಪೆನ್ನು ಮುಚ್ಚಿದ್ದಳು.

ಬಕಾಲಾದ ಮಲಯಾಳಿ ಮೊಸರಿನ ಡಬ್ಬಿ ಚೀಲಕ್ಕೆ ಹಾಕುತ್ತ, “ಮಮ್ಮೀಸ್ ನಂಬರ್ ಚೇಂಜ್?” ಅಂದ. ಅವಳಿಗೆ ತಿಳಿಯಲಿಲ್ಲ. ಸಾಮಾನು ತಲುಪಿಸಲು ಅವನ ಫೋನಿನಲ್ಲಿ ಈ ಮನೆಯದೆಂದು ಇದ್ದದ್ದು ಅಮ್ಮನ ನಂಬರು. ಮೊನ್ನೆ ಹಳೆಯ ಅಭ್ಯಾಸದಲ್ಲಿ ಮಾಡಿದನಂತೆ, ಯಾರೋ ಗಂಡಸು ಅರಬಿಯಲ್ಲಿ ಬೈದನಂತೆ. ಅವಳು ತಲೆಯಾಡಿಸಿದಳು, ಹೌದು ಎಂಬಂತೆಯೂ ಅಲ್ಲ ಎಂಬಂತೆಯೂ. ಹೊರಗೆ ಬಂದು ಖುಬೂಸ್ ರೊಟ್ಟಿ ಸುಡುವ ಅಂಗಡಿಯ ಬಿಸಿ ಗೋಡೆಯ ಪಕ್ಕ ನಿಂತಳು. ದೂಳು ಹಲ್ಲಿನ ಸಂದಿಯಲ್ಲಿ ಕರಕರ ಎನ್ನುತ್ತಿತ್ತು. ಅಪ್ಪ ಕೇಳಿದ್ದರಲ್ಲ. ವರ್ಷಾಬ್ದಿಕ ಮುಗಿಸಿ ಊರಿಂದ ಬಂದ ವಾರ, ಊಟಕ್ಕೆ ಕೂತಾಗ, ಅನ್ನ ಕಲಸುತ್ತ, ತಟ್ಟೆಯನ್ನೇ ನೋಡುತ್ತ: “ಅಮ್ಮನ ಲೈನು ನಿಲ್ಲಿಸಿಬಿಡ್ಲಾ?” ಬೇಡ ಎನ್ನಬೇಕೆನ್ನಿಸಿತ್ತು. ಬೇಡ ಅಂದರೆ ಅಪ್ಪ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದರೆ ಏನು ಹೇಳುವುದು? ಅವಳು ಮಜ್ಜಿಗೆ ಬಡಿಸಿಕೊಂಡಳು. ಅಪ್ಪ, “ಹೂಂ, ಹಾಗಾದ್ರೆ ನಾಳೆ ಹೇಳ್ತೀನಿ” ಅಂದರು. ಕೆಲವು ತಿಂಗಳ ಮೇಲೆ ಒಂದು ಮಧ್ಯಾಹ್ನ, ಆ ನಂಬರು ಬೇರೆಯವರ ಪಾಲಾದ್ದರಿಂದಲೋ ಏನೋ, ಮೂರೇ ಜನರಿದ್ದ ಮನೆಯ ವಾಟ್ಸಾಪ್ ಗುಂಪಿನಲ್ಲಿ ಬೂದು ಬಣ್ಣದ ಸಣ್ಣ ಸಾಲೊಂದು ತಾನಾಗಿ ಮೂಡಿತ್ತು: ‘ಅಮ್ಮ ಲೆಫ್ಟ್.’ ಬಾಗಿಲು ಎಳೆದುಕೊಂಡು ಹೋದ ಹಾಗೆ. ಯಾರಿಗೂ ಹೇಳದೆ. ಅಪ್ಪನೂ ಅದನ್ನು ನೋಡಿರಬೇಕು. ಇಬ್ಬರೇ ಉಳಿದ ಆ ಗುಂಪಿನಲ್ಲಿ ಆಮೇಲೆ ಯಾರೂ ಏನೂ ಬರೆದಿಲ್ಲ.

ಮೆಟ್ಟಿಲು ಹತ್ತುತ್ತ ಮೊದಲನೇ ಮಹಡಿಯ ತಿರುವಿಗೆ ಬಂದಾಗ ಮೇಲಿಂದ ಯಾರೋ ಇಳಿದು ಬರುವ ಚಪ್ಪಲಿ ಸದ್ದು. ಹನಾನ್. ಕೈಯಲ್ಲಿ ಕಸದ ಚೀಲ. ಇಬ್ಬರೂ ನಿಂತರು. ಲಿಫ್ಟಿದ್ದೂ ಆಕೆ ಮೆಟ್ಟಿಲಲ್ಲಿ ಯಾಕೆ ಎಂದು ಅನ್ವಿತಾ ಯೋಚಿಸುವಷ್ಟರಲ್ಲಿ ಹನಾನಳ ಮುಖದಲ್ಲೂ ಅದೇ ಪ್ರಶ್ನೆ ಕಂಡು, ಎರಡೂ ಉತ್ತರ ಒಂದೇ ಎಂದು ಇಬ್ಬರಿಗೂ ಒಟ್ಟಿಗೆ ತಿಳಿದುಹೋಯಿತು. ಹನಾನ್ ಮೊದಲು ನಕ್ಕಳು. ತನ್ನ ತುಂಡು ತುಂಡು ಇಂಗ್ಲಿಷಿನಲ್ಲಿ, “ನೀನೂ?” ಅಂದಳು.

“ವ್ಯಾಯಾಮ,” ಅಂದಳು ಅನ್ವಿತಾ.

“ಸುಳ್ಳಿ.” ಹನಾನ್ ಕಸದ ಚೀಲ ಕೆಳಗಿಟ್ಟಳು. “ನಾನು ನಿನ್ನ ಆಫೀಸಿನಲ್ಲಿ ನಿನ್ನ ಮಾನ ಕಳೆದೆ ಅಂದುಕೊಂಡಿದ್ದೆ. ನೀನು ಅಷ್ಟು ಮರ್ಯಾದೆಯಿಂದ ಕರೆದೆ, ನಾನು ಕಲ್ಲಿನ ಹಾಗೆ ಕೂತು ಬಂದೆ. ತಿಂಡಿಯೂ ಚೆನ್ನಾಗಿರಲಿಲ್ಲ, ಅಲ್ವಾ?”

ಇಲ್ಲ ಎನ್ನಬೇಕಿತ್ತು. ಚೆನ್ನಾಗಿತ್ತು ಎಂದರೆ ಅದು ಇನ್ನೊಂದು ಸುಳ್ಳು. ಅದನ್ನವಳು ತಿಂದೇ ಇರಲಿಲ್ಲ. ಕೈಯಲ್ಲಿದ್ದ ಚೀಲದ ಹಿಡಿಯನ್ನು ಬೆರಳಿಗೆ ಸುತ್ತುತ್ತ, ಸುತ್ತುತ್ತ, “ಆ ನಿಯಮ ಓದಿದಾಗ,” ಎಂದು ಶುರುಮಾಡಿದಳು, “ನೀನು ಏನೋ ಹೇಳುವುದಕ್ಕೆ ಹೊರಟೆ. ಬೇಡ ಅನ್ನುವುದಕ್ಕಾ?”

ಹನಾನ್ ಗೋಡೆಗೆ ಒರಗಿದಳು. ಇಲ್ಲಿ ಯಲ್ಲಾ ಎನ್ನುವವರು ಯಾರೂ ಇರಲಿಲ್ಲವಾದ್ದರಿಂದ ಆಕೆಯ ಮೌನ ತನ್ನಷ್ಟಕ್ಕೆ ತಾನು ಪೂರ್ತಿಯಾಗಿ ನಡೆಯಿತು. ಎಲ್ಲೋ ಒಂದು ಮನೆಯಲ್ಲಿ ಕುಕ್ಕರು ಕೂಗಿತು.

“ಬೇಡ ಅಂದರೆ,” ಎಂದಳು ಕೊನೆಗೆ, “ಯಾಕೆ ಅಂತ ಕೇಳುತ್ತಾರೆ. ಅವನು ಬದುಕಿದ್ದಾನೆ ಅಂತ ನಿನಗೆ ಹೇಗೆ ಗೊತ್ತು, ಕೊನೆಗೆ ಯಾವಾಗ ಮಾತಾಡಿದೆ, ಏನು ಮಾತಾಡಿದೆ. ಏನು ಹೇಳಲಿ? ಅವತ್ತು ಅವರೆಲ್ಲ ಊರು ಬಿಟ್ಟು ಟ್ರಕ್ ಹತ್ತಿ ಆಗಿತ್ತು. ನಾನು ಇಲ್ಲಿಂದ ಫೋನ್ ಮಾಡಿದೆ. ಮನೆಗೆ ಬೀಗ ಹಾಕಿದೆಯಾ ಅಂತ ಕೇಳಿದೆ. ಅಷ್ಟೇ ಕೇಳಿದ್ದು. ಹಾಕಿದ ಹಾಗೆ ನೆನಪು ಅಂದ. ಆಮೇಲೆ, ತಡಿ ನೋಡಿ ಬರುತ್ತೇನೆ ಅಂದ.” ಆಕೆ ತನ್ನ ಕೈಯನ್ನೇ ನೋಡಿಕೊಂಡಳು. “ಸರಿ ಅಂದರೆ, ಅವನನ್ನು ಎರಡನೇ ಸಲ ನಾನೇ ಕಳಿಸಿದ ಹಾಗೆ. ನನ್ನ ಹತ್ತಿರ ಬೇಡವೂ ಇಲ್ಲ, ಸರಿಯೂ ಇಲ್ಲ. ಹಾಗಿದ್ದಾಗ ನಿಮ್ಮ ಕಾಗದದಲ್ಲಿ ಏನು ಬರೆಯುತ್ತಾರೆ?”

ಅನ್ವಿತಾಳಿಗೆ ಉತ್ತರ ಗೊತ್ತಿತ್ತು. ಅದನ್ನು ಬರೆದವಳೇ ಅವಳು. ಅಮ್ಮನ ಕಾಲು ಒತ್ತಿದ ಆ ಕೈಗಳನ್ನು, ಗ್ಲೌಸಿನ ಪುಡಿಗೆ ಒಣಗಿ ಬಿರಿದ ಬೆರಳ ಸಂದಿಗಳನ್ನು ನೋಡುತ್ತ ನಿಂತಳು. ಕನ್ನಡದಲ್ಲಿ ಏನಾದರೂ ಕೇಳಬೇಕೆನ್ನಿಸಿತು, ಅಮ್ಮ ಕೇಳುತ್ತಿದ್ದದ್ದನ್ನು. ಆದರೆ ಅದು ಅಮ್ಮನ ಪ್ರಶ್ನೆ. ಹನಾನ್ ಚೀಲವೆತ್ತಿಕೊಂಡು, “ಹೋಗು, ಮೊಸರು ಬಿಸಿಯಾಗುತ್ತದೆ,” ಅಂದಳು. ಎರಡು ಮೆಟ್ಟಿಲಿಳಿದು ತಿರುಗಿ, “ಇನ್ನು ಲಿಫ್ಟಿನಲ್ಲಿ ಬಾ. ನನ್ನ ಮಂಡಿಯೂ ನೋಯುತ್ತದೆ.”

ಊಟದ ಮೇಜಿನ ಒಂದು ತುದಿಯಲ್ಲಿ ಲ್ಯಾಪ್‌ಟಾಪು, ಇನ್ನೊಂದು ತುದಿಯಲ್ಲಿ ಅಪ್ಪ, ಹಲಗೆಯ ಮೇಲೆ ಹುರುಳಿಕಾಯಿ. “ಕ್ಯಾಮರಾಕ್ಕೆ ಕಾಣಲ್ಲ ತಾನೇ?” ಎಂದು ಪಿಸುಗುಟ್ಟಿ, ಕಾಣದಿದ್ದರೂ ಪಂಚೆ ಸರಿಮಾಡಿಕೊಂಡು ಕೂತರು. ಪರದೆಯ ಮೇಲೆ ಸಣ್ಣ ಸಣ್ಣ ಚೌಕಗಳು. ನಾಸಿರ್ ಸರ್ ಒಂದರಲ್ಲಿ, ಕ್ಲೇಟನ್ ಒಂದರಲ್ಲಿ. ಉಳಿದವುಗಳಲ್ಲಿ ಆ ದೂರದ ದ್ವೀಪದ ಸಮಿತಿಯವರು. ಅಲ್ಲಿ ಆಗಲೇ ಮಧ್ಯಾಹ್ನ ದಾಟಿತ್ತು, ಯಾರದೋ ಹಿಂದಿನ ಕಿಟಕಿಯಲ್ಲಿ ಹಸಿರು ಬಾಳೆ ಎಲೆ ಅಲ್ಲಾಡುತ್ತಿತ್ತು. ಅಧ್ಯಕ್ಷರು ಬಿಳಿ ಟೋಪಿಯ ಮುದುಕ. ಓದುವಾಗ ಬೆರಳನ್ನು ಸಾಲಿನ ಕೆಳಗೆ ಇಟ್ಟುಕೊಳ್ಳುತ್ತಿದ್ದರು. ಒಳ್ಳೆಯ ಮುಖ. ಈ ಮನುಷ್ಯ ಎಷ್ಟು ಜನರನ್ನು ಮಣ್ಣುಮಾಡಿರಬಹುದು, ಎಷ್ಟು ಜನರನ್ನು ಮಣ್ಣುಮಾಡಲೂ ಸಿಗದೆ ಕಳೆದುಕೊಂಡಿರಬಹುದು ಎಂದು ಅನ್ವಿತಾ ಯೋಚಿಸಿದಳು. ಅವಳ ಚೌಕದ ಮೂಲೆಯಲ್ಲಿ ಕೆಂಪು ಗೀಟು ಹೊಡೆದ ಮೈಕಿನ ಗುರುತು. ಈ ಕಚೇರಿಯ ಮೀಟಿಂಗುಗಳಲ್ಲಿ ಅದು ಎಂದೂ ಅಳಿಸಿದ್ದಿಲ್ಲ. ಒಂದೊಂದೇ ನಿಯಮ ಓದಿ, ತಡೆದು, ಮುಂದೆ ಹೋಗುತ್ತಿದ್ದರು. ಅಪ್ಪನ ಚಾಕು ಟಕ್, ಟಕ್, ಟಕ್ ಎಂದು ಹುರುಳಿಕಾಯಿಗಳನ್ನು ಒಂದೇ ಅಳತೆಗೆ ತುಂಡರಿಸುತ್ತಿತ್ತು. ಆ ರಾತ್ರಿ ಮಜ್ಜಿಗೆ ಬಡಿಸಿಕೊಳ್ಳುವ ಬದಲು ಏನಾದರೂ ಅಂದಿದ್ದರೆ. ಅಪ್ಪ ಬಹುಶಃ ಬೇಡ ಅನ್ನಿಸಿಕೊಳ್ಳಲಿಕ್ಕೇ ಕೇಳಿದ್ದರೇನೋ. ತಟ್ಟೆ ನೋಡುತ್ತ ಅಷ್ಟು ಹೊತ್ತು ಅನ್ನ ಕಲಸಿದ್ದು ಅದಕ್ಕೇ ಇರಬಹುದೇನೋ. ಇದು ಅವಳಿಗೆ ಈವರೆಗೆ ಹೊಳೆದೇ ಇರಲಿಲ್ಲ.

ಅಧ್ಯಕ್ಷರ ಬೆರಳು ಕಾಣೆಯಾದವರ ನಿಯಮಕ್ಕೆ ಬಂತು. ಇಲ್ಲಿಯವರೆಗಿನ ನಿಯಮಗಳಿಗಿಂತ ನಿಧಾನವಾಗಿ ಓದಿದರು. ಅವಳ ವಾಕ್ಯ ಅವರ ಬಾಯಲ್ಲಿ ಬೇರೆ ಯಾರದೋ ಆಗಿ, ಕಲ್ಲಿನಲ್ಲಿ ಕೊರೆದದ್ದರ ಹಾಗೆ ಕೇಳಿಸಿತು. “ಇದು ಕಷ್ಟದ ನಿಯಮ,” ಎಂದರು. “ಕುವೈತಿನಲ್ಲಿರುವ ನಮ್ಮ ಮಕ್ಕಳು ಏನಂದರು?”

“ಎಲ್ಲರೂ ಒಪ್ಪಿದರು ಸರ್,” ಅಂದರು ನಾಸಿರ್ ಸರ್. “ವರದಿಯಲ್ಲಿದೆ. ಯಾರದೂ ಆಕ್ಷೇಪಣೆ ಇಲ್ಲ.”

ಅವಳ ಬೆರಳು ಕೆಂಪು ಗುರುತಿನ ಮೇಲೆ ಹೋಗಿತ್ತು. ಅದನ್ನು ತಾನು ಒತ್ತಿದ್ದೇನೆಂಬುದು ಅವಳಿಗೆ ತಿಳಿದದ್ದು, ಇಡೀ ಮೀಟಿಂಗಿನಲ್ಲಿ ಟಕ್, ಟಕ್ ಎಂಬ ಸದ್ದು ತುಂಬಿಕೊಂಡಾಗ. ಅವಳ ಚೌಕದ ಸುತ್ತ ಬೆಳಕಿನ ಗೆರೆ ಮೂಡಿ, ಅದು ದೊಡ್ಡದಾಗಿ ಎಲ್ಲರ ಮುಂದೆ ನಿಂತಿತು. ಅಧ್ಯಕ್ಷರು ಕಾಗದದಿಂದ ಮುಖವೆತ್ತಿ, “ಯಾರದೋ ಮನೆಯಲ್ಲಿ ಅಡುಗೆ ಜೋರಾಗಿದೆ, ಮಾಶಾ ಅಲ್ಲಾ,” ಎಂದು ನಕ್ಕರು. ಕ್ಲೇಟನ್ ಬಾಯಿಗೆ ಕೈ ಅಡ್ಡ ಹಿಡಿದ. ನಾಸಿರ್ ಸರ್ ಮೆತ್ತಗೆ, ಕನ್ನಡದಲ್ಲಿ, ಇದು ಬೇರೆ ಯಾರಿಗೂ ಅರ್ಥವಾಗುವುದಿಲ್ಲವೆಂಬ ಧೈರ್ಯದಲ್ಲಿ, “ಅನ್ವಿತಾ, ನಿಮ್ಮ ಮೈಕ್ ಆನ್ ಉಂಟು ಮಾರಾಯ್ರೆ” ಅಂದರು.

“ಗೊತ್ತು ಸರ್.”

ಚಾಕು ನಿಂತಿತು. ಮೇಜಿನ ಆ ತುದಿಯಿಂದ ಅಪ್ಪ ತನ್ನನ್ನು ನೋಡುತ್ತಿದ್ದಾರೆಂಬುದು ನೋಡದೆಯೂ ಅವಳಿಗೆ ತಿಳಿಯಿತು. ಅಧ್ಯಕ್ಷರು ಕಾಯುತ್ತಿದ್ದರು, ಬೆರಳು ಆ ಸಾಲಿನ ಕೆಳಗೇ ಇತ್ತು. ಅವಳ ನಾಲಿಗೆ ಹಲ್ಲಿಗೆ ತಾಗಿತು. ಈ ಸಲ ಯಾರೂ ಯಲ್ಲಾ ಎನ್ನಲಿಲ್ಲ.

“ಯಾರೂ ಒಪ್ಪಲಿಲ್ಲ,” ಅಂದಳು. “ಸುಮ್ಮನೆ ಕೂತಿದ್ದೆವು, ಅಷ್ಟೆ.”